ಬಸಿದ ಗಂಜಿ, ಉಳಿದ ಅನ್ನ

ಅದು ಸರಕಾರ ಕಾಳುಕಡಿಯನ್ನು ಅಳೆದು ಕೊಡುತ್ತಿದ್ದ ಕಂಟ್ರೋಲಿನ ಕಾಲ. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು. ಗೋಕಾಕದ ನಮ್ಮ ಓಣಿಯಲ್ಲಿ ಜೋಳ ಮಾಯವಾಗಿತ್ತು. ಕಂಟ್ರೋಲ್ ಅಂಗಡಿಯಲ್ಲಿ ಸಿಗುತ್ತಿದ್ದುದು ಮುಗ್ಗಲು ವಾಸನೆಯ ನುಚ್ಚಕ್ಕಿ ಮಾತ್ರ. ಹಬ್ಬಕ್ಕೋ ಬೀಗರು ಬಂದಾಗಲೋ ಒಂದು ಹಿಡಿ ಅನ್ನ ಕಾಣುತ್ತಿದ್ದ ನಮಗೆ ಮೊದಲ ವಾರ ದಿನವೂ ಹಬ್ಬ. ಎರಡನೆಯ ವಾರಕ್ಕೆ ಹಬ್ಬ ಸಾಕಾಯಿತು. ಆ ವಾಸನೆ ನೆನೆದರೆ ಈಗಲೂ ನನಗೆ ದಣಿವಾಗುತ್ತದೆ.

ಅಪ್ಪ ನೇಕಾರ. ಸಾಹುಕಾರರು ಕೊಟ್ಟ ನೂಲಿನಲ್ಲಿ ಸೀರೆ ನೇಯ್ದು ಕೂಲಿ ಪಡೆಯುತ್ತಿದ್ದ. ನೂಲು ಹರಿಯದೆ ಗಟ್ಟಿ ನಿಲ್ಲಬೇಕಾದರೆ ಅದಕ್ಕೆ ಗಂಜಿ ಹಚ್ಚಬೇಕು. ಹೀಗಾಗಿ ನಮ್ಮ ಮನೆಯ ಪಾತ್ರೆಗೆ ನೂಲೂ ಒಬ್ಬ ಪಾಲುದಾರ. ಬಸಿದ ಗಂಜಿ ಅದಕ್ಕೆ, ಉಳಿದ ಸಪ್ಪೆ ಅಗಳು ನಮಗೆ. ಕಸುವೆಲ್ಲ ನೂಲೇ ಕುಡಿಯುತ್ತಿತ್ತು. ಉಂಡು ಓಣಿಯಲ್ಲಿ ಒಂದು ಸುತ್ತು ಕುಂಟಾಟ ಆಡುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು.

ಆ ಅನ್ನವನ್ನು ದಿನದಿನವೂ ನಮ್ಮ ಗಂಟಲಲ್ಲಿ ಇಳಿಸುವುದು ಅವ್ವನ ಪಾಡು. ಎಣ್ಣೆ ಇದ್ದ ದಿನ ಸಾಸಿವೆ, ಉಳ್ಳಾಗಡ್ಡಿ, ಕೆಂಪು ಖಾರದ ಒಗ್ಗರಣೆ. ಇಲ್ಲದ ದಿನ ಗುರೆಳ್ಳಿನ ಹಿಂಡಿಪುಡಿ ಕಲಸಿದ ಕರಿ ಅನ್ನ, ಇಲ್ಲವೇ ಹುಣಸೆಹಣ್ಣು ಕಿವುಚಿ ಕಲಸಿದ ಹುಳಿ ಅನ್ನ. ತಂಗಳಿಗೆ ಪಕ್ಕದ ಮನೆಯವರು ಕೊಟ್ಟ ನೀರುಮಜ್ಜಿಗೆ. ಮಿಕ್ಕಿದ್ದನ್ನು ನುರಿದು, ಹಿಡಿ ಜೋಳದ ಹಿಟ್ಟು ಸಿಕ್ಕಾಗ ಅದಕ್ಕೆ ಸೇರಿಸಿ ರೊಟ್ಟಿ ತಟ್ಟುತ್ತಿದ್ದಳು. ಅದು ಹಂಚಿಗೆ ಅಂಟಿ ಚೂರುಚೂರಾಗಿ ಬರುತ್ತಿತ್ತು. “ರೊಟ್ಟಿಗೂ ಈ ಅಕ್ಕಿ ಸಂಗ ಒಗ್ಗವಲ್ದು ನೋಡ,” ಎಂದು ಅಪ್ಪ ಆ ಚೂರುಗಳನ್ನೇ ಆರಿಸಿ ತಿನ್ನುತ್ತಿದ್ದ.

“ಇವತ್ತ ಯಾವೂರ ಅನ್ನ ಬೇ ಯವ್ವಾ?” ಎಂದು ನಾನು ಕೇಳಬೇಕು, ಅವ್ವ ಊರಿನ ಹೆಸರು ಹೇಳಬೇಕು. ಖಾರದ್ದು ಗೋಕಾಕ ಅನ್ನ, ಹುಳಿಯದು ಹುಕ್ಕೇರಿ ಅನ್ನ, ಗುರೆಳ್ಳಿನದು ಮೂಡಲಗಿ ಅನ್ನ. ಎಂದಾದರೂ ಒಂದು ಚೂರು ಬೆಲ್ಲ ಬಿದ್ದರೆ ಅದು ಅವ್ವನ ತವರೂರು, ಬೆಲ್ಲದ ಬಾಗೇವಾಡಿ ಅನ್ನ. ಮೂರು ವರ್ಷದ ತಂಗಿ ನೀಲಿ ಅದೊಂದನ್ನೇ ಹಟ ಹಿಡಿದು ಕೇಳುತ್ತಿದ್ದಳು. ಬರಬರುತ್ತ ಅವ್ವನಿಗೂ ಈ ಆಟ ಬೇಸರವಾಯಿತು. “ಯಾವೂರದರ ಆಗಲಿ, ಸುಮ್ಮನ ಉಣ್ಣ,” ಎನ್ನುತ್ತಿದ್ದಳು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೀಲಿಗೆ ವಾಂತಿಭೇದಿ ಹಿಡಿಯಿತು. ಓಣಿಯಲ್ಲಿ ಔಷಧ ಕೊಡುವ ಅಜ್ಜ ಬಂದು ನೋಡಿ, “ಗಂಜಿ ಬಿಟ್ಟು ಏನೂ ಕೊಡಬ್ಯಾಡ್ರಿ. ಹಗಲೂ ರಾತ್ರಿ ಹನಿಹನಿ ಕುಡಸ್ರಿ,” ಎಂದ. ಮರುದಿನ ಮಳೆ ಬಿಟ್ಟು ಬಿಸಿಲು ಬಿತ್ತು. ಆ ಬಿಸಿಲಿಗೇ ಕಾದಿದ್ದ ಅಪ್ಪ ಸೀರೆಯ ಉದ್ದೆಳೆಯ ಹಾಸುನೂಲನ್ನು ಓಣಿಯುದ್ದ ಎಳೆದು ಕಟ್ಟಿದ. ಅಂದೇ ಗಂಜಿ ಹಚ್ಚಿ ಒಣಗಿಸಿ ಮಗ್ಗಕ್ಕೆ ಏರಿಸದಿದ್ದರೆ ಗಣಪತಿ ಹಬ್ಬದೊಳಗೆ ಸೀರೆ ಮುಗಿಯುತ್ತಿರಲಿಲ್ಲ. ತಡವಾದರೆ ನೂಲು ವಾಪಸು ಒಯ್ಯುತ್ತೇನೆಂದು ಸಾಹುಕಾರರು ಮೊದಲೇ ಹೇಳಿದ್ದರು. ಮನೆಯಲ್ಲಿದ್ದ ಅಕ್ಕಿಯೋ ಒಂದು ಪಾತ್ರೆಗಾಗುವಷ್ಟು. ಅದು ಆಗಲೇ ಒಲೆಯ ಮೇಲೆ ಕುದಿಯುತ್ತಿತ್ತು. ಮತ್ತೆ ಅಕ್ಕಿ ಸಿಗುವುದು ಕಂಟ್ರೋಲ್ ಅಂಗಡಿ ತೆರೆಯುವ ಸಂತೆಯ ದಿನವೇ.

ಅಪ್ಪ ಗಂಜಿ ಹಚ್ಚುವ ಕುಂಚ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ.

“ಗಂಜಿ ಕೊಡ. ಮತ್ತ ಮಳಿ ಬರೂ ಹಂಗೈತಿ.”

ಅವ್ವ ಪಾತ್ರೆಗೆ ಅಡ್ಡ ನಿಂತಳು. “ಕೂಸಿಗೆ ಬೇಕ್ರಿ.”

“ಅರ್ಧ ಕೊಡ.”

“ಅರ್ಧದಾಗ ನೂಲೂ ಗಟ್ಟಿ ಆಗೂದಿಲ್ಲ, ಕೂಸೂ ಉಳಿಯೂದಿಲ್ರಿ.”

“ಸಾವ್ಕಾರ್ರು ನೂಲು ಒಯ್ತಾರ.”

“ಒಯ್ಯಲ್ರಿ.”

ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಭಯವಾಯಿತು. ಅಪ್ಪ ಕೌದಿಯ ಮೇಲೆ ಮಲಗಿದ್ದ ನೀಲಿಯನ್ನು ನೋಡಿದ. ಅವಳ ಕಣ್ಣುಗಳು ಒಳಗೆ ಇಳಿದಿದ್ದವು. ಕುಂಚವನ್ನು ಗೂಡಿನಲ್ಲಿಟ್ಟು ಕುಳಿತು, ಅವಳನ್ನು ತೊಡೆಯ ಮೇಲೆ ಹಾಕಿಕೊಂಡ. ಅವ್ವ ಬಸಿದುಕೊಟ್ಟ ಗಂಜಿಯನ್ನು ಆರಿಸಿ, ತಾನೇ ಚಮಚೆಯಲ್ಲಿ ಹನಿಹನಿ ಬಿಡತೊಡಗಿದ. ಹೊರಗೆ ಮಳೆ ಶುರುವಾಯಿತು. “ಅಪ್ಪಾ, ನೂಲು ತೋಯಾಕತ್ತೈತಿ!” ಎಂದು ನಾನು ಕೂಗಿದೆ. ಅವನು ಏಳಲಿಲ್ಲ. ಓಣಿಯವರೇ ನೂಲನ್ನು ಬಾಚಿ ತಂದು ಪಡಸಾಲೆಯಲ್ಲಿ ಹಾಕಿದರು. ಅದು ಬಿಡಿಸಲಾಗದಂತೆ ಸಿಕ್ಕಾಗಿತ್ತು.

ನೀಲಿ ಉಳಿದಳು. ಸಾಹುಕಾರರು ಬಂದು ಆ ಸಿಕ್ಕುನೂಲನ್ನೇ ಒಯ್ದರು. ನೂಲಿಗೂ ಕಂಟ್ರೋಲು ಬಂದಿದ್ದ ಕಾಲ. ಒಮ್ಮೆ ಕೈತಪ್ಪಿದ ನೂಲು ಮತ್ತೆ ಬರಲಿಲ್ಲ. ಅಪ್ಪ ಗಿರಣಿಗೆ ಕೂಲಿಗೆ ಹೋದ. ಅಪ್ಪ ಕಾಲಿಳಿಸಿ ನೇಯುತ್ತಿದ್ದ ಮಗ್ಗದ ತೆಗ್ಗಿಗೆ ಮಣ್ಣು ತುಂಬಿ ಅವ್ವ ಸಾರಿಸಿದಳು. ಪಗಾರ ಬಂತು, ಹೋಗುತ್ತ ಹೋಗುತ್ತ ಜೋಳವೂ ಬಂತು, ಅನ್ನ ಮತ್ತೆ ಹಬ್ಬದ ಊಟವಾಯಿತು. ಅಂಥ ದಿನ ಅವ್ವ ಗಂಜಿ ಬಸಿಯಲು ಕುಳಿತರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಈಗ ಆ ಓಣಿಯಲ್ಲಿ ಲಾಳಿಯ ಸದ್ದಿಲ್ಲ. ನೂಲು ಎಳೆದು ಕಟ್ಟಲು ಜಾಗವೂ ಇಲ್ಲ. ಅವ್ವ, ಅಪ್ಪ ಹೋಗಿ ಬಹಳ ಕಾಲವಾಯಿತು. ಏನೇನು ಹೋಯಿತೆಂದು ಎಣಿಸುತ್ತ ಕೂರುವ ತ್ರಾಣ ನನಗಿಲ್ಲ.

ಮೊನ್ನೆ ನೀಲಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಮಾತಿಗೆ ಮಾತು ಬಂದು ಕೇಳಿದಳು: “ಅಕ್ಕಾ, ನಮ್ಮ ಮನ್ಯಾಗ ಖರೇನ ಮಗ್ಗ ಇತ್ತೇನ? ನನಗ ಒಂದೀಟೂ ನೆನಪಿಲ್ಲ ನೋಡ.”

“ಇತ್ತವಾ,” ಎಂದೆ.

ಯಾಕೆ ಹೋಯಿತೆಂದು ಅವಳು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.