ಬಚ್ಚಲ ಮೋರಿಯ ನಾಗರಮರಿ

ಆ ದಿನಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಬಚ್ಚಲ ಮೋರಿಯಲ್ಲಿ ಕಂಡ ಆ ಹುಳದ ಬೆನ್ನ ಮೇಲಿದ್ದದ್ದು ಒಂದು ಕಪ್ಪು ಗೆರೆಯೋ, ಮೂರೋ, ಈಗ ಆಣೆ ಮಾಡಿ ಹೇಳಲಾರೆ. ಮಹಾಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮುಂಗಾರಿನ ಜಿಟಿಜಿಟಿ ಹಿಡಿದಿತ್ತು. ಇಷ್ಟು ನಿಜ. ದೊಡ್ಡಪ್ಪ ಆಡಿದ ಮಾತುಗಳಂತೂ ಹಾಗೆಯೇ ನೆನಪಿವೆ.

ಸಾಸಲಿನ ಹತ್ತಿರದ ನಮ್ಮೂರಲ್ಲಿ ನಾಲ್ಕನೇ ಕ್ಲಾಸು ಮುಗಿದರೆ ಹುಡುಗಿಯರ ಓದೂ ಮುಗಿಯಿತು. ಅಪ್ಪ ಮಾತ್ರ ನನ್ನನ್ನು ದೊಡ್ಡಬಳ್ಳಾಪುರದಲ್ಲಿ ಸೋದರತ್ತೆಯ ಮನೆಯಲ್ಲಿರಿಸಿ ಮಿಡ್ಲ್‌ ಸ್ಕೂಲಿಗೆ ಸೇರಿಸಲು ಹಟ ಹಿಡಿದಿದ್ದರು. ಅವರ ಅಣ್ಣ, ಮನೆಯ ಯಜಮಾನರಾದ ದೊಡ್ಡಪ್ಪ, ಇನ್ನೂ ಹೂಂ ಅಂದಿರಲಿಲ್ಲ.

ಆದರೂ ಅಪ್ಪ ದಿನ ಗೊತ್ತು ಮಾಡಿಬಿಟ್ಟಿದ್ದರು. ಹೊರಡುವ ದಿನ ಬೆಳಿಗ್ಗೆ, ಬೀದಿಯಲ್ಲಿ ಗಾಡಿ ಕಟ್ಟಿತ್ತು. ಸೀಗೆಪುಡಿಯ ಘಾಟು ತುಂಬಿದ ಬಚ್ಚಲಿನಿಂದ ಅಜ್ಜಿ ಕೂಗಿಕೊಂಡಳು. ಹೊರಗಿನ ಮೋರಿಯ ಕಲ್ಲಿನ ಮೇಲೆ, ಕೆಸುವಿನ ಗಿಡದ ಬುಡದಲ್ಲಿ, ಗೇಣುದ್ದದ ಹುಳ. ಅರ್ಧಚಂದ್ರದಂಥ ಅಗಲ ತಲೆಯನ್ನೆತ್ತಿ ಅತ್ತಿತ್ತ ಆಡಿಸುತ್ತಿತ್ತು.

"ಹೆಡೆ ನೋಡ್ರೋ! ನಾಗರಮರಿ! ಹಾಲು ತನ್ನಿ!"

ದೊಡ್ಡಪ್ಪ ಕೈ ಮುಗಿದು ಅಪ್ಪನ ಕಡೆ ತಿರುಗಿದರು. "ಮಗಳು ಹೊಸಿಲು ದಾಟೋ ದಿವಸವೇ ಸ್ವಾಮಿ ಅಡ್ಡ ಬಂದವ್ನೆ ಕಣೋ. ಗಾಡಿ ಬಿಚ್ಚು. ರಾಗಿ ಬೀಸೋದು ಕಲೀಲಿ."

ಅಪ್ಪ ತಲೆ ತಗ್ಗಿಸಿದರು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಕುಕ್ಕರುಗಾಲಲ್ಲಿ ಕೂತು ಹುಳವನ್ನೇ ನೋಡಿದೆ. ಇಟ್ಟ ಹಾಲಿನ ಕಡೆ ಅದು ತಿರುಗಲೂ ಇಲ್ಲ. ಪಕ್ಕದ ಎರೆಹುಳವನ್ನು ಸುತ್ತಿಕೊಂಡಿತು. ಅದರ ಹೊಟ್ಟೆಯ ನಡುವಿನಿಂದ ಬಿಳಿ ಅರಿವೆಯ ಚೂರಿನಂಥದ್ದೇನೋ ಹೊರಬಂದು ಎರೆಹುಳಕ್ಕೆ ಅಂಟಿಕೊಂಡು ಹೀರತೊಡಗಿತು.

"ದೊಡ್ಡಪ್ಪ, ಇದು ಹಾವಲ್ಲ. ಇದ್ರ ಬಾಯಿ ಹೊಟ್ಟೇಲೈತೆ. ಅಂಥ ನಾಗಪ್ಪನ್ನ ಎಲ್ಲಾದ್ರೂ ಕಂಡಿದ್ದೀರಾ?"

"ನಿಮ್ಮ ದೊಡ್ಡಪ್ಪಂಗೂ ಅಲ್ಲೇ ಕಣೆ ಬಾಯಿ ಇರೋದು," ಎಂದು ಅಜ್ಜಿ ಕಿಸಕ್ಕನೆ ನಕ್ಕಳು.

ದೊಡ್ಡಪ್ಪ ನಗಲಿಲ್ಲ. "ಹಾವಲ್ದಿದ್ರೆ ಯಾವ ಜಾತಿ, ಹೇಳು. ಜಿಗಣೆನಾ? ಎರೆಹುಳನಾ?"

"ಎರಡೂ ಅಲ್ಲ. ಗೊತ್ತಿಲ್ಲ."

"ಗೊತ್ತಿಲ್ದೆ ಎದುರು ಮಾತಾಡ್ತೀಯಾ?"

"ಗೊತ್ತಿಲ್ದೇ ಇರೋದಕ್ಕೇ ಇಸ್ಕೂಲ್ಗೆ ಹೋಗ್ತಿರೋದು. ಕಲ್ತು ಬಂದು ಹೇಳ್ತೀನಿ."

ಹೋಗಿ ಗಾಡಿಯಲ್ಲಿ ಕೂತೆ. ಇಳಿ ಎಂದು ಯಾರೂ ಅನ್ನಲಿಲ್ಲ. ಅಂದಿರಬಹುದು, ನನಗೆ ಕೇಳಿಸಿರಲಿಲ್ಲ. ಅಪ್ಪ ಎತ್ತು ಹೊಡೆದರು.

ಬೆಂಗಳೂರಿನ ಕಾಲೇಜಿನಲ್ಲಿ ಅದರ ಹೆಸರು ಸಿಕ್ಕಿತು. ಚಪ್ಪಟೆಹುಳುಗಳ ವಂಶ, ನೆಲದ ಮೇಲೆ ಬಾಳುವ ಪಂಗಡ, ಬೈಪಾಲಿಯಂ ಎಂಬ ಕುಲ. ಕುಲ ತಲೆ ನೋಡಿದರೆ ತಿಳಿಯುತ್ತದೆ. ಅದರೊಳಗೆ ಯಾವ ಬಗೆ ಎಂಬುದಕ್ಕೆ ಎಷ್ಟೋ ಸಲ ಕೊಯ್ದೇ ನೋಡಬೇಕು. ಪಂಡಿತರೇ ಒಂದು ಗುಂಪಿನಲ್ಲಿಟ್ಟದ್ದನ್ನು ಇನ್ನೊಂದಕ್ಕೆ ಎತ್ತಿಡುತ್ತಾರೆ. ‘ಗೊತ್ತಿಲ್ಲ’ ಎನ್ನುವ ಧೈರ್ಯ ಅವರಿಗೂ ಇದೆ.

ಈಗ ಮೋರಿಗೆ ಸಿಮೆಂಟು ಬಂದಿದೆ. ಕೆಸು ಬೆಳೆಯುವಷ್ಟು ತೇವವೂ ಅಲ್ಲಿಲ್ಲ, ಹುಳ ಎಲ್ಲಿಂದ ಬರಬೇಕು? ದೊಡ್ಡಪ್ಪನನ್ನು ಆಡಿಕೊಂಡು ಕಿಸಕ್ಕನೆ ನಗುತ್ತಿದ್ದ ಅಜ್ಜಿಯೂ ಉಳಿದಿಲ್ಲ.

ಕಾಲೇಜಿನ ಒಂದು ರಜೆಯಲ್ಲಿ ಆ ಹುಳದ ಕುಲಗೋತ್ರವನ್ನೆಲ್ಲ ದೊಡ್ಡಪ್ಪನಿಗೆ ಒಪ್ಪಿಸಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ಆಮೇಲೆ ನಾನೊಂದು ಮಾತು ಕೇಳಿದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಈಗಲೂ ಅದನ್ನೇ ಕೇಳುತ್ತಿದ್ದೇನೆ.

"ಅವತ್ತು ಆ ಹುಳ ಬರ್ದೇ ಇದ್ದಿದ್ರೆ, ನನ್ನ ತಡೆಯೋಕೆ ಇನ್ನೇನನ್ನ ಹುಡುಕ್ತಿದ್ರಿ, ದೊಡ್ಡಪ್ಪ?"