ಹುಳಿ ಹಾಕದ ಬೀನ್ಸ್

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಭರಣಿ ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಅವಳ ನಾದಿನಿ. ಆಮೇಲೆ ಹಾಲಿನವನಿಂದ ಹಿಡಿದು ಪಕ್ಕದ ಮನೆಯ ಮುದುಕನವರೆಗೆ ಎಲ್ಲರಿಗೂ ಅವಳು ಅತ್ತಿಗೆಯಾಗಿಬಿಟ್ಟಳು. ಮಧ್ಯಾಹ್ನದವರೆಗೆ ಊರಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ, ಮನೆಗೆ ಬಂದರೆ ಅಡುಗೆಮನೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ, ಹಸಿವು ಜಾಸ್ತಿ. ಆಯಾ ಕಾಲಕ್ಕೆ ಬಂದ ತರಕಾರಿಯನ್ನು ಆಗಲೇ ತಿನ್ನಬೇಕು, ಮಿಕ್ಕಿದ್ದನ್ನು ಕಾಲ ಮುಗಿಯುವ ಮುಂಚೆ ಗಾಜಿನ ಭರಣಿಗೆ ತುಂಬಿಡಬೇಕು ಅನ್ನುವುದು ಅವಳಿಗೆ ಅತ್ತೆ ಕಲಿಸಿದ ಪಾಠ.

ಅತ್ತೆ ಬಲು ಕಟ್ಟುನಿಟ್ಟಿನ ಹೆಂಗಸು. ಟೊಮೆಟೊವನ್ನು ಕುದಿಯುವ ನೀರಿಗೆ ಹಾಕಿ ಮೂವತ್ತು ಎಣಿಸಿ ತೆಗೆದು ತಣ್ಣೀರಿಗೆ ಬಿಡಬೇಕು, ಸಿಪ್ಪೆ ತಾನಾಗಿ ಜಾರಬೇಕು. ಉಗುರು ತಾಗಿಸಿದರೆ ಸೊಸೆಯ ಕೈಗೆ ಸೌಟಿನ ಏಟು. ಭರಣಿಗಳನ್ನು ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ, ಬಿಸಿ ಆರುವ ಮುಂಚೆ ತುಂಬಬೇಕು. ಬೀನ್ಸ್ ತುಂಬುವಾಗ ಮಾತ್ರ ಅತ್ತೆ ಪಕ್ಕದಲ್ಲೇ ನಿಂತು, ವಿನಿಗರ್ ಸುರಿದದ್ದನ್ನು ಕಣ್ಣಾರೆ ನೋಡಿಯೇ ಮುಚ್ಚಳ ಹಾಕಲು ಬಿಡುತ್ತಿದ್ದರು. ಯಾಕೆ ಅಂತ ಸೊಸೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೂ ಅತ್ತೆಗೆ ಗೊತ್ತಿತ್ತೋ ಇಲ್ಲವೋ. ಅವರಿಗೆ ಅವರ ಅತ್ತೆ ಹೇಳಿದ್ದರು, ಅಷ್ಟೆ.

ಅತ್ತೆ ಹೋಗಿ ಎರಡು ವರ್ಷವಾಗಿತ್ತು. ಆ ಸಲ ಬೀನ್ಸ್ ಕಂಡಾಪಟ್ಟೆ ಬಂದಿತ್ತು, ಎಳೆಯದು, ಮುರಿದರೆ ಟಕ್ಕೆನ್ನುವಂಥದ್ದು. ನಾದಿನಿ ನಾರು ಬಿಡಿಸಲು ಬಂದು ಕೂತಿದ್ದಳು. ಅವಳದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬರುವ ಹೊತ್ತು, ಹೊರಡುವ ಹೊತ್ತು ಕೂಗುವ ಕೆಲಸ. ಮುಖ ನೋಡದವರಿಗೂ ಅವಳ ದನಿ ಪರಿಚಯ. ಮಾರ್ಕೆಟ್ಟಿನಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದರೆ ಸಾಕು, ನಾಲ್ಕು ಜನ ತಿರುಗಿ ನೋಡಿ ತಮ್ಮ ಬಸ್ಸು ಬಂತೇನೋ ಅಂತ ಚೀಲ ಎತ್ತಿಕೊಳ್ಳುತ್ತಿದ್ದರು.

"ಅತ್ತಿಗೆ, ಈ ಹುಳಿ ಹಾಕಿ ಹಾಕಿ ಬೀನ್ಸಿನ ಕತೆ ಮುಗಿಸ್ತೀರ ನೀವು" ಅಂದಳು ನಾದಿನಿ. "ಅಮ್ಮ ಇದ್ದಾಗ ಸರಿ, ಮಾತಾಡೋ ಹಾಗಿರಲಿಲ್ಲ. ಈಗಲೂ ಯಾಕೆ?"

ಅತ್ತಿಗೆಗೂ ಅದೇ ಆಸೆ ಒಳಗೊಳಗೇ ಇತ್ತು. ಇಷ್ಟು ವರ್ಷ ಮಾಡಿದ ಕೈ, ಇನ್ನೂ ಅತ್ತೆಯ ನೆರಳಲ್ಲೇ ಎಷ್ಟು ದಿನ ಅನ್ನಿಸಿತ್ತು. ವಿನಿಗರ್ ಬಿಟ್ಟಳು. ಬರೀ ಉಪ್ಪುನೀರು ಹಾಕಿ, ಮುಚ್ಚಳ ಬಿಗಿದು, ಭರಣಿಗಳನ್ನು ದೊಡ್ಡ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿದಳು. ಹನ್ನೊಂದು ಭರಣಿ ಆದವು. ಹಸಿರು ಒಂದಿಷ್ಟೂ ಮಾಸಿರಲಿಲ್ಲ. ಮೂರನ್ನು ನಾದಿನಿಯ ಚೀಲಕ್ಕೆ ಹಾಕಿ, ಇದನ್ನು ಮತ್ತೆ ಬೇಯಿಸಿ ಹಾಳು ಮಾಡಬೇಡ, ತೆಗೆದು ಹಾಗೇ ತಿನ್ನು, ರುಚಿ ಗೊತ್ತಾಗುವುದೇ ಆಗ ಅಂದಳು.

ಮೂರು ತಿಂಗಳ ಮೇಲೆ, ಒಂದು ಬುಧವಾರ ಬೆಳಿಗ್ಗೆ, ನಿಲ್ದಾಣದ ಮೈಕಿನಲ್ಲಿ ನಾದಿನಿಯ ದನಿ ಎಳೆದ ಹಾಗೆ ಬಂತು. ಊರುಗಳ ಹೆಸರು ನಾಲಿಗೆಯಲ್ಲಿ ಸಿಕ್ಕಿಹಾಕಿಕೊಂಡವು. ಪ್ಲಾಟ್‌ಫಾರ್ಮಿನಲ್ಲಿದ್ದವರು ನಕ್ಕರು. ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾಳೆ ಅಂತ ಯಾರೋ ಅಂದರಂತೆ. ಮೇಲಧಿಕಾರಿ ಗದರಿಸಲು ಒಳಗೆ ಬಂದರೆ, ಅವಳು ಎರಡೂ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡು ಕಾಗದ ನೋಡುತ್ತಿದ್ದಳು. ಒಂದೊಂದು ಸಾಲೂ ಎರಡೆರಡಾಗಿ ಕಾಣುತ್ತಿದೆ ಅಂದಳು. ನೀರು ಕೊಟ್ಟರೆ ನುಂಗಲಾಗದೆ ಮೂಗಿನಿಂದ ಬಂತು.

ಆಸ್ಪತ್ರೆಗೆ ಅತ್ತಿಗೆ ಹೋಗಿ ಮುಟ್ಟುವಾಗ ಮಧ್ಯಾಹ್ನ ಎರಡು. ಓಣಿಯಂಥ ವರಾಂಡದ ಬೆಂಚಿನ ಮೇಲೆ ನಾದಿನಿಯ ಗಂಡ ಕೂತಿದ್ದ. ಗಡಿಯಾರ ರಿಪೇರಿ ಮಾಡುವವನು, ಅಂಗಡಿಯಿಂದ ಎದ್ದು ಓಡಿಬಂದಿದ್ದ, ಹಣೆಯ ಮೇಲೆ ಕಣ್ಣಿಗೆ ಹಾಕುವ ಭೂತಗನ್ನಡಿ ಹಾಗೇ ಇತ್ತು. ಮೊದಲು ಪಾರ್ಶ್ವವಾಯು ಅಂದುಕೊಂಡಿದ್ದ ಡಾಕ್ಟರಮ್ಮ ಈಗ ಬಂದು, ಎರಡು ದಿನದಲ್ಲಿ ಏನೇನು ತಿಂದಿದ್ದಾರೆ ಎಂದು ಕೇಳಿದರು. ಅವನು ನೆನಪಿದ್ದದ್ದೆಲ್ಲ ಹೇಳಿದ. ಮನೆಯಲ್ಲಿ ಇಬ್ಬರೂ ತಿಂದದ್ದು ಒಂದೇ, ಅವಳು ಹೊರಗೆ ತಿಂದದ್ದೆಂದರೆ ನಿಲ್ದಾಣದ ಗಾಡಿಯವಳ ಹತ್ತಿರ ಕರಿದ ತಿಂಡಿ. ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಡಬ್ಬಿಯಲ್ಲೋ ಬಾಟಲಿಯಲ್ಲೋ ಇಟ್ಟದ್ದೇನಾದರೂ ಇತ್ತೇ ಎಂದೂ ಕೇಳಿದರು. ಅವನು ಇಲ್ಲವೆಂದ. ಬೀನ್ಸ್ ಕಂಡರೆ ಅವನಿಗೆ ಚಿಕ್ಕಂದಿನಿಂದ ಆಗದು. ಮನೆಯಲ್ಲಿ ಆ ಭರಣಿ ಇರುವುದೇ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಅತ್ತಿಗೆಗೆ ತಾನು ಕೊಟ್ಟ ಮೂರು ಭರಣಿ ನೆನಪಾದವು. ಅದೇ ಬೀನ್ಸನ್ನು ನಾವೂ ತಿಂದಿದ್ದೇವಲ್ಲ, ನಮಗೆ ಏನೂ ಆಗಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇಪ್ಪತ್ತು ವರ್ಷ ಸಂಪಾದಿಸಿದ ಹೆಸರು, ಒಂದು ಮಾತು ಆಡಿದರೆ ಹೋಯಿತು. ಇನ್ನೊಮ್ಮೆ ಡಾಕ್ಟರಮ್ಮ ಬರಲಿ, ಆಗ ಹೇಳೋಣ ಅಂದುಕೊಂಡಳು. ಡಾಕ್ಟರಮ್ಮ ಎರಡು ಸಲ ಹಾದುಹೋದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೇ ಇದ್ದಳು. ಐದು ಗಂಟೆಯ ಹೊತ್ತಿಗೆ ಗಂಡ ಡಿಪೋದಿಂದ ಬಂದು, ಆರೋಗ್ಯ ಇಲಾಖೆಯವರು ಗಾಡಿಯವಳ ಅಂಗಡಿ ಮುಚ್ಚಿಸಿದರು, ಎಣ್ಣೆ ಸಮೇತ ಎಲ್ಲ ಎತ್ತಿಕೊಂಡು ಹೋದರು, ಅವಳು ಅಲ್ಲೇ ನೆಲದ ಮೇಲೆ ಕೂತು ಅಳುತ್ತಿದ್ದಳು ಎಂದ.

ನಾದಿನಿಗೆ ಬಟ್ಟೆ ತರುತ್ತೇನೆಂದು ಬೀಗದ ಕೈ ಇಸಿದುಕೊಂಡು ಅತ್ತಿಗೆ ಅವಳ ಮನೆಗೆ ಹೋದಳು. ಬಟ್ಟೆಯ ಕಪಾಟಿಗೆ ಹೋಗಲಿಲ್ಲ, ನೆಟ್ಟಗೆ ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಭರಣಿ ಇತ್ತು, ಅರ್ಧ ಖಾಲಿ, ಒಳಗೆ ಒಂದು ಚಮಚ ನಿಂತಿತ್ತು. ಅವಳು ಹೇಳಿದ ಹಾಗೇ ನಾದಿನಿ ನಿಂತಲ್ಲೇ, ಭರಣಿಯಿಂದಲೇ ತಿಂದಿದ್ದಳು. ಮೂಸಿ ನೋಡಿದಳು. ಕೆಟ್ಟ ವಾಸನೆ ಏನೂ ಇಲ್ಲ. ನಲ್ಲಿ ತಿರುಗಿಸಿದಳು. ತೊಟ್ಟಿಯೊಳಗೆ ನೀರು ಬೀಳುತ್ತಿತ್ತು, ಭರಣಿ ಕೈಯಲ್ಲೇ ಓರೆಯಾಯಿತು. ಒಂದು ನಿಮಿಷದ ಕೆಲಸ. ಭರಣಿ ತೊಳೆದು ಬೋರಲು ಹಾಕಿದರೆ ಇಡೀ ಲೋಕದಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಹಾಗೆ ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ತಿಳಿಯದು. ಕೊನೆಗೆ ನಲ್ಲಿ ನಿಲ್ಲಿಸಿ, ಭರಣಿಗೆ ಟವೆಲ್ ಸುತ್ತಿ, ಎದೆಗೆ ಅವಚಿಕೊಂಡು ಹೊರಟಳು.

ಡಾಕ್ಟರಮ್ಮನ ಮೇಜಿನ ಮೇಲೆ ಭರಣಿ ಇಟ್ಟಾಗ ಆರು ಗಂಟೆ. ಅವಳು ಎಲ್ಲವನ್ನೂ ಹೇಳಿದಳು, ವಿನಿಗರ್ ಬಿಟ್ಟದ್ದು, ಒಂದೇ ಗಂಟೆ ಕುದಿಸಿದ್ದು, ಬೇಯಿಸದೆ ತಿನ್ನು ಅಂದದ್ದು. ಡಾಕ್ಟರಮ್ಮ ಬೈಯಲಿಲ್ಲ. ಗಾಳಿಯಾಡದ ಕಡೆ ಬೆಳೆಯುವ ಒಂದು ಕ್ರಿಮಿಯಿದೆ, ಬರೀ ಕುದಿಯುವ ನೀರಿಗೆ ಅದರ ಬೀಜ ಸಾಯುವುದಿಲ್ಲ, ಹುಳಿಯಿದ್ದರೆ ಮಾತ್ರ ತಲೆ ಎತ್ತುವುದಿಲ್ಲ, ಇಲ್ಲದಿದ್ದರೆ ಬೆಳೆದು ವಿಷ ಬಿಡುತ್ತದೆ ಎಂದು ಬಿಡಿಸಿ ಹೇಳಿದರು. ಅದು ಒಂದು ಭರಣಿಯಲ್ಲಿ ಇರಬಹುದು, ಪಕ್ಕದ್ದರಲ್ಲಿ ಇಲ್ಲದೆ ಇರಬಹುದು. ನಿಮ್ಮ ಮನೆಯಲ್ಲಿ ಹೇಗೆ ತಿಂದಿರಿ ಎಂದು ಕೇಳಿದರು. ಗಂಡನಿಗೆ ಯಾವುದೂ ಹಬೆಯಾಡದೆ ಗಂಟಲಲ್ಲಿ ಇಳಿಯದು, ಅದಕ್ಕೇ ಚೆನ್ನಾಗಿ ಕುದಿಸಿ ಬಡಿಸಿದ್ದೆ ಅಂದಳು. ತಿನ್ನುವ ಮುಂಚೆ ಚೆನ್ನಾಗಿ ಕುದಿಸಿದರೆ, ಬೀಜ ಸಾಯದಿದ್ದರೂ ಆ ವಿಷ ಹೋಗುತ್ತದೆ ಅಂದರು ಡಾಕ್ಟರಮ್ಮ, ಮತ್ತೆ ಫೋನಿಗೆ ಕೈ ಹಾಕಿದರು. ಮದ್ದು ದೊಡ್ಡ ಊರಿನಿಂದ ಬರಬೇಕಿತ್ತು.

ವರಾಂಡಕ್ಕೆ ಬಂದಾಗ ನಾದಿನಿಯ ಗಂಡನಿಗೆ ಆಗಲೇ ವಿಷಯ ಮುಟ್ಟಿತ್ತು. ಅವನು ತಲೆ ಎತ್ತಲಿಲ್ಲ.

"ನಾಲ್ಕು ಗಂಟೆ ಹೊತ್ತು ಅಕ್ಕ" ಅಂದ. "ಇಲ್ಲೇ ನನ್ನ ಪಕ್ಕದಲ್ಲೇ ಕೂತಿದ್ರಲ್ಲ."

ಮದ್ದು ಬರುವ ಹೊತ್ತಿಗೆ ನಾದಿನಿಗೆ ಉಸಿರಾಡಲು ಯಂತ್ರ ಹಾಕಿದ್ದರು. ಹತ್ತೊಂಬತ್ತು ದಿನ ಹಾಗೇ ಇದ್ದಳು. ಎರಡೂ ಮನೆಗಳಲ್ಲಿ ಉಳಿದಿದ್ದ ಭರಣಿಗಳನ್ನು ಆರೋಗ್ಯ ಇಲಾಖೆಯವರು ಚೀಲಕ್ಕೆ ತುಂಬಿಕೊಂಡು ಹೋದರು. ಅತ್ತಿಗೆಯ ಗಂಡ ದಿನಾ ಊಟಕ್ಕೆ ಕೂತು, ತಟ್ಟೆಯನ್ನು ಒಂದು ಗಳಿಗೆ ನೋಡಿ, ಆಮೇಲೆ ತಿನ್ನುತ್ತಿದ್ದ. ಬೀದಿಯವರು ಮುಖದ ಮೇಲೆ ಏನೂ ಅನ್ನಲಿಲ್ಲ, ಆದರೆ ಅವಳು ಕೊಟ್ಟ ಬಟ್ಟಲುಗಳು ತೊಳೆದು, ಬೇಗ ಬೇಗ ವಾಪಸು ಬಂದವು. ಗಾಡಿಯವಳ ಹತ್ತಿರ ಹೋಗಿ ಕ್ಷಮೆ ಕೇಳಿದಳು. ಗಾಡಿಯವಳು ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಹೆಸರಿಗೆ ನೀವು ಹೆದರಿದ್ರಿ, ನನಗೂ ಒಂದು ಹೆಸರಿತ್ತಮ್ಮ" ಅಂದಳು.

ನಾದಿನಿ ಬದುಕಿದಳು. ಮನೆಗೆ ಬರಲು ಮೂರು ತಿಂಗಳು ಹಿಡಿಯಿತು. ನುಂಗುವುದನ್ನು ಕೂಸಿನ ಹಾಗೆ ಹೊಸದಾಗಿ ಕಲಿತಳು. ದನಿ ವಾಪಸು ಬಂತು, ಆದರೆ ಒಣಗಿದ ದನಿ, ಸಾಲಿನ ಕೊನೆಗೆ ಬರುವಾಗ ಸುಸ್ತಾಗುತ್ತಿತ್ತು. ನಿಲ್ದಾಣದವರು ಅವಳನ್ನು ಪಾಸು ಬರೆಯುವ ಕೋಣೆಗೆ ಹಾಕಿದರು. ಬೀನ್ಸಿನ ವಿಷಯಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಹುಳಿ ಬೇಡ ಅಂದವಳು ನಾನೇ ಅಲ್ಲವೇ ಅನ್ನುತ್ತಿದ್ದಳು. ಅತ್ತಿಗೆ ವಿಷಯ ಹೇಳದೆ ಕೂತ ಆ ನಾಲ್ಕು ಗಂಟೆಯ ಸಂಗತಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ.

ಅತ್ತಿಗೆಗೆ ಅದನ್ನು ಹೊತ್ತು ತಿರುಗಲು ಆಗಲಿಲ್ಲ. ಒಂದು ಮಧ್ಯಾಹ್ನ ನಾದಿನಿಗೆ ಕ್ಯಾರೆಟ್ ಬೇಯಿಸಿ, ಅರೆದು, ಚಮಚದಲ್ಲಿ ತಿನ್ನಿಸುತ್ತಿದ್ದಾಗ ಹೇಳಿಬಿಟ್ಟಳು. ನಾದಿನಿ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

"ಇದನ್ನ ಹೇಳಿ ನಿಮಗೆ ಹಗುರ ಆಯ್ತಾ ಅತ್ತಿಗೆ?"

"ಇಲ್ಲ."

"ನನಗೆ ಭಾರ ಆಯ್ತು" ಅಂದಳು ನಾದಿನಿ. ಸ್ವಲ್ಪ ದಿನ ಬರಬೇಡಿ ಅಂದಳು. ಅತ್ತಿಗೆ ಬಟ್ಟಲು ತೊಳೆದಿಟ್ಟು ಬಂದಳು.

ಐದು ವಾರ ಕಳೆಯಿತು. ಬಟಾಣಿಯ ಕಾಲ ಬಂದು ಮುಗಿಯುತ್ತ ಬಂತು. ಅವಳು ದಿನದ ಲೆಕ್ಕಕ್ಕೆ ಬೇಕಾದಷ್ಟೇ ತಂದು, ಸುಲಿದು, ಬೇಯಿಸಿ, ಅಂದೇ ಮುಗಿಸುತ್ತಿದ್ದಳು. ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ನಾದಿನಿ ಬಂದಿದ್ದಳು, ಗಂಡ ಗೇಟಿನ ಹೊರಗೇ ನಿಂತಿದ್ದ. ಒಳಗೆ ಬಂದವಳು ಸ್ಟೂಲ್ ಎಳೆದುಕೊಂಡು ಒಲೆಯ ಹತ್ತಿರ ಕೂತಳು. ಏನು ಮಾಡುತ್ತೀರೋ ನನ್ನ ಎದುರಿಗೇ ಮಾಡಿ ಅಂದಳು. ಅತ್ತಿಗೆ ಅವಳ ಎದುರಿಗೇ ತೊಳೆದಳು, ಹೆಚ್ಚಿದಳು, ಪಾತ್ರೆ ಇಟ್ಟಳು. ನಾದಿನಿಯ ಕಣ್ಣು ಅವಳ ಕೈ ಬಿಟ್ಟು ಕದಲಲಿಲ್ಲ. ಅಂಥ ಕಣ್ಣಿನ ಕೆಳಗೆ ಬೇಯಿಸುವುದು ಎಷ್ಟು ಕಷ್ಟವೋ ಅವಳಿಗೆ ಅಂದು ಗೊತ್ತಾಯಿತು. ಆದರೂ ಬಡಿಸಿದ್ದನ್ನು ನಾದಿನಿ ಪೂರ್ತಿ ತಿಂದಳು.

ಆಮೇಲೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ಅವಳು ಬರತೊಡಗಿದಳು, ಅದೇ ಸ್ಟೂಲ್, ಅದೇ ನೋಟ. ಮೊದಲಿನ ನಗೆಯೂ ಇಲ್ಲ, ಜಗಳವೂ ಇಲ್ಲ. ಅವಳ ಗಂಡ ಗೇಟು ದಾಟಲಿಲ್ಲ. ಬೇಸಿಗೆ ಕಾದ ಒಂದು ದಿನ, ಕರೆದುಕೊಂಡು ಹೋಗಲು ಬಂದವನು ಬಾಗಿಲ ತನಕ ಬಂದು, "ಒಂದು ಲೋಟ ನೀರು ಕೊಡಿ" ಅಂದ. ಅಕ್ಕ ಅನ್ನಲಿಲ್ಲ. ಅವಳು ತಂದುಕೊಟ್ಟಳು. ಅವನು ನಿಂತೇ ಕುಡಿದು, ಲೋಟವನ್ನು ಕಿಟಕಿಯ ಮೇಲಿಟ್ಟು, ಹೆಂಡತಿಗೆ ಹೊತ್ತಾಯಿತು ಅಂದ. ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದೆ ಅವಳು ಅವರಿಬ್ಬರೂ ಬೀದಿಯ ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದಳು.