ಹಳೆಯ ಡಿಸ್ಕು, ಬಿಟ್ಟುಹೋದ ಹೆಸರು

ಶಾರದಕ್ಕ, ನಾನು ನಿಮಗೆ ಸುಳ್ಳು ಹೇಳಿದೆ. ಹೊಸನಗರದ ನಿಮ್ಮ ಪ್ರೆಸ್ಸಿನಲ್ಲಿ ಕುಳಿತು, ನೀವು ಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿದೆ — "ಈ ಹಳೇ ಡಿಸ್ಕು ಹೊಸ ಕಂಪ್ಯೂಟರಲ್ಲಿ ನಡಿಯಲ್ಲ ಅಕ್ಕ. ಇನ್ಮೇಲೆ ವರ್ಷವರ್ಷ ಕಟ್ಟೋದೇ." ನಡೆಯುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು.

ಆ ಡಿಸ್ಕಿನಲ್ಲಿದ್ದ, ಅಕ್ಷರ ಜೋಡಿಸುವ ಸಾಫ್ಟ್‌ವೇರನ್ನು ನಿಮಗೆ ಮಾರಿದವನೂ ನಾನೇ. ಆಗ ಒಮ್ಮೆ ಕೊಂಡರೆ ನಿಮ್ಮದು; ದೊಡ್ಡ ಹೊಸ ಆವೃತ್ತಿ ಬಂದಾಗ, ಬೇಕೆನಿಸಿದರೆ ಮಾತ್ರ ಮತ್ತೆ ದುಡ್ಡು. ನೀವು ಎರಡು ಆವೃತ್ತಿ ಬಿಟ್ಟಿರಿ. "ಮದುವೆ ಕಾರ್ಡಿಗೆ ಇಷ್ಟು ಸಾಕಲ್ವನಾ ಮಾರಾಯ?" ಸಾಕೆನ್ನುವ ಗಿರಾಕಿ ಕಂಪನಿಗೆ ಬೇಡ, ಅದಕ್ಕೇ ಬಾಡಿಗೆ ಪದ್ಧತಿ ತಂದರು. ಕೊಂಡವರನ್ನೇ ಬಾಡಿಗೆದಾರರನ್ನಾಗಿ ಮಾಡುವುದಕ್ಕೆ ಇವರಿಗೆ ನಾಚಿಕೆ ಬೇಡವೇ? — ಬೈಯುತ್ತಿದ್ದೇನೆ. ಆದರೆ ಅವರ ಬಾಯಾಗಿ ನಿಮ್ಮ ಬಾಗಿಲಿಗೆ ಬಂದವನು ನಾನು, ಕಮಿಷನ್ನಿನ ಆಸೆಗೆ.

ಪ್ರತಿ ಮನೆಯ ಕಾರ್ಡನ್ನೂ ನೀವು ಕಂಪ್ಯೂಟರಿನಲ್ಲಿ ಕಾಪಿಟ್ಟಿದ್ದಿರಿ. ಕುಲದೇವರು ಯಾರು, ಆಗಮನ ಬಯಸುವ ಹಿರಿಯರಲ್ಲಿ ಮೊದಲ ಹೆಸರು ಯಾರದು — ಅಣ್ಣನ ಕಾರ್ಡು ತೆಗೆದು ತಂಗಿಯ ಮದುವೆಗೆ ತಿದ್ದಿದರಾಯಿತು. ಅಷ್ಟನ್ನೂ ನಾನು ಹೊಸದಕ್ಕೆ ಬದಲಾಯಿಸಿಕೊಟ್ಟೆ. ಹಾಗೆ ಬದಲಾದವು ಹಳೆಯದರಲ್ಲಿ ತೆರೆಯುವುದಿಲ್ಲ. ಹೊಸದೋ, ತಿಂಗಳಿಗೊಮ್ಮೆ ನೆಟ್ಟಿನಲ್ಲಿ ಹಾಜರಿ ಹಾಕದಿದ್ದರೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಗೊತ್ತಿತ್ತು — ಹೇಳಲಿಲ್ಲ.

ಆ ಮೇ ತಿಂಗಳ ಗಾಳಿಮಳೆಗೆ ನಾಲ್ಕು ದಿನ ಫೋನೂ ಇಲ್ಲ, ನೆಟ್ಟೂ ಇಲ್ಲ. ಹಾಜರಿಯ ದಿನ ಅದರಲ್ಲೇ ಬಿತ್ತು. ವರ್ಷದ ಬಾಡಿಗೆ ಪೂರ್ತಿ ಕಟ್ಟಿದ್ದಿರಿ. ಆದರೂ ನಿಮ್ಮ ಕಾರ್ಡುಗಳು ನಿಮಗೇ ತೆರೆಯಲಿಲ್ಲ. ಇದೆಂಥ ದರೋಡೆ! ಕವಲೇದುರ್ಗದ ಒಂದು ಮನೆಯವರು ತಮ್ಮ ಹುಡುಗಿಯ ಮದುವೆಗೆ "ಅಣ್ಣನ ಕಾರ್ಡಿನ ಹಾಗೇ ಇರ್ಲಿ" ಎಂದು ಹೇಳಿಹೋಗಿದ್ದರು. ಕಾಯಲು ದಿನವಿರಲಿಲ್ಲ; ನೀವು ನೆನಪಿನಿಂದ ಬರೆದು, ತೀರ್ಥಹಳ್ಳಿಯ ಬೇರೆ ಪ್ರೆಸ್ಸಿನಲ್ಲಿ ಮಾಡಿಸಿದಿರಿ. ಒಂದು ಹೆಸರು ಬಿಟ್ಟುಹೋಯಿತು — ತಂದೆಯಿಲ್ಲದ ಆ ಹುಡುಗಿಯನ್ನು ಸಾಕಿದ ದೊಡ್ಡಪ್ಪನದು. ಅವರು ಧಾರೆಗೆ ಬಂದರು, ಊಟ ಮಾಡದೆ ಹೋದರು.

ಹುಡುಗಿಯ ತಾಯಿ ನಿಮ್ಮ ಪ್ರೆಸ್ಸಿಗೆ ಬಂದು ಕೇಳಿದಾಗ ನಾನು ಅಲ್ಲೇ ಇದ್ದೆ.

"ನಿಮ್ಮನ್ನ ಎಷ್ಟು ನಂಬಿದ್ವಿ ಶಾರದಕ್ಕ..."

"ನಂಗೇ ಮರೆವು ಬಂತು ಕಣಮ್ಮ. ತಪ್ಪು ನಂದೇ" ಎಂದಿರಿ ನೀವು. ನಾನು ತಲೆ ತಗ್ಗಿಸಿ ಪ್ರಿಂಟರಿನ ವೈರು ಸರಿಪಡಿಸುತ್ತಿದ್ದೆ, ಸರಿಯಾಗಿಯೇ ಇದ್ದ ವೈರನ್ನು. ಆಮೇಲೆ ನೀವು ಮದುವೆ ಕಾರ್ಡು ಮುಟ್ಟಲೇ ಇಲ್ಲ. ಬಿಲ್ ಪುಸ್ತಕ, ಲೆಟರ್‌ಹೆಡ್ಡು ಅಷ್ಟೇ. ತಲೆ ಮೊದಲಿನಂತಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತೀರಂತೆ — ನಿಮ್ಮ ತಲೆಗೆ ಏನಾಗಿದೆ ಅಕ್ಕ? ನೂರಾರು ಮನೆಗಳ ಹೆಸರನ್ನು ಯಾರ ತಲೆ ತಾನೇ ಹೊರುತ್ತದೆ? ಅದಕ್ಕಾಗಿಯೇ ಅಲ್ಲವೇ ನೀವು ಅವನ್ನು ಕಾಪಿಟ್ಟಿದ್ದು...

ನಿಮ್ಮ ಹಳೆಯ ಡಿಸ್ಕನ್ನು "ಬಿಸಾಡ್ತೀನಿ ಬಿಡಿ" ಎಂದು, ಆ ಸುಳ್ಳು ಹೇಳಿದ ದಿನವೇ ಒಯ್ದಿದ್ದೆ. ಬಿಸಾಡಲಿಲ್ಲ. ಸಾಗರದ ನನ್ನ ಅಂಗಡಿಯಲ್ಲಿ, ಹೊಸ ಕಂಪ್ಯೂಟರಿನಲ್ಲಿ, ಇಷ್ಟು ವರ್ಷ ಅದರಲ್ಲೇ ಕೆಲಸ ಮಾಡಿದ್ದೇನೆ — ಥೂ, ನನ್ನ ಜನ್ಮಕ್ಕಿಷ್ಟು. ಈ ಪತ್ರದ ಜೊತೆ ಅದನ್ನು ಕಳಿಸುತ್ತಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ಕವಲೇದುರ್ಗಕ್ಕೆ ಹೊರಡುತ್ತೇನೆ. ಆ ದೊಡ್ಡಪ್ಪನೆದುರು ನಿಂತು ಹೇಳಬೇಕಾದದ್ದು ಒಂದೇ ಮಾತು: ನಿಮ್ಮ ಹೆಸರು ಬಿಟ್ಟಿದ್ದು ಶಾರದಕ್ಕ ಅಲ್ಲ, ನಾನು.